ಮದ್ದು ಬಿಡುವ ಮೊದಲು ಎಲೆ ಮಗುಚಿ ನೋಡಿ

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಪೆರಾಬೆಯ ಮನೆಗೆ ಬಂದಿದ್ದೆ. ಅಂಗಳದಾಚೆಯ ಬೆಂಡೆ ಗಿಡಗಳ ಎಲೆಯಂಚು ಹಳದಿಯಾಗಿ ಮುದುಡಿತ್ತು. ತೋಟಕ್ಕೆಂದು ತಂದು ಉಳಿದಿದ್ದ ಕೀಟನಾಶಕದ ಬಾಟಲಿ ಹಿಡಿದು ಅಪ್ಪ ಹೊರಟಿದ್ದರು. "ಸ್ವಲ್ಪ ನಿಲ್ಲಿ ಅಪ್ಪ" ಎಂದು ಒಂದು ಎಲೆ ಮಗುಚಿದೆ. ತಿಳಿಹಸಿರು ಬಣ್ಣದ ಪುಟ್ಟ ಹುಳುಗಳು ಏಡಿಯಂತೆ ಓರೆಯಾಗಿ ಓಡಿದವು. ಅವು ಜಿಗಿಹುಳುಗಳು. ಮರುದಿನದ ಪಲ್ಯಕ್ಕೆ ಕೊಯ್ಯಬೇಕಿದ್ದುದು ಅದೇ ಗಿಡದ ಬೆಂಡೆಕಾಯಿ!

ಹುಳು ಯಾವುದು, ಎಷ್ಟಿದೆ ಎಂದು ನೋಡದೆಯೇ ಮದ್ದು ಬಿಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದನ್ನು ಬದಲಿಸಬೇಕಾದವರು ಓದಿದ ಮಕ್ಕಳಾದ ನಾವೇ ಎಂಬುದು ನನ್ನ ಅಭಿಪ್ರಾಯ.

ಜಿಗಿಹುಳು ಎಲೆಯ ಅಡಿಭಾಗದಲ್ಲಿ ಕುಳಿತು ರಸ ಹೀರುತ್ತದೆ. ಹಾವಳಿ ಹೆಚ್ಚಾದರೆ ಎಲೆ ಸುಟ್ಟಂತಾಗುತ್ತದೆ. ಯೂರಿಯಾ ಅತಿಯಾದರೆ ಎಲೆ ಮೆತ್ತಗೆ, ರಸವತ್ತಾಗಿ ಬೆಳೆದು ಹುಳುವಿಗೆ ಹಬ್ಬ. ಕಂಡಕಂಡ ವಿಷ ಸುರಿದರೆ ಅದನ್ನು ತಿನ್ನುವ ಜೇಡ, ಗುಲಗಂಜಿ ಹುಳುಗಳೂ ಸಾಯುತ್ತವೆ. ಉಳಿದ ಜಿಗಿಹುಳು ಮತ್ತೆ ಬೇಗ ಹೆಚ್ಚುತ್ತದೆ. ಹಾಗಾಗಿ ಬೆಳಿಗ್ಗೆ ಕೆಲವು ಗಿಡಗಳ ಮೇಲಿನ, ನಡುವಿನ, ಕೆಳಗಿನ ಎಲೆಗಳನ್ನು ಮಗುಚಿ ಎಣಿಸುವುದು ಮೊದಲ ಕೆಲಸ. ಒಂದೆರಡು ಕಂಡರೆ ಗಾಬರಿ ಬೇಡ. ಹೆಚ್ಚುತ್ತಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಬೇಕು.

ಬೆಂಡೆ ಹೋದರೆ ಒಂದು ಹೊತ್ತಿನ ಪಲ್ಯ ಹೋದೀತು. ಅಡಿಕೆ ಹಾಗಲ್ಲ. ಪಕ್ಕದ ಸುಳ್ಯದ ಸಂಪಾಜೆ, ಅರಂತೋಡು ಭಾಗದಲ್ಲಿ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. ಇದಕ್ಕೆ ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಾಣು. ಅದನ್ನು ಮರದಿಂದ ಮರಕ್ಕೆ ದಾಟಿಸುವುದು ಜಿಗಿಹುಳುವಿನ ನೆಂಟನಾದ ಪ್ರೌಟಿಸ್ಟಾ ಎಂಬ ಇನ್ನೊಂದು ರಸ ಹೀರುವ ಕೀಟ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಶಿಲೀಂಧ್ರವನ್ನು ತಡೆದೀತೇ ಹೊರತು ಈ ರೋಗವನ್ನಲ್ಲ. ರೋಗ ತಗಲಿದ ಮರವನ್ನು ಗುಣಪಡಿಸುವ ಮದ್ದು ಇನ್ನೂ ಇಲ್ಲ. ಅಲ್ಲೊಂದು ಇಲ್ಲೊಂದು ಕಾಣುವ ಕಡೆ ರೋಗದ ಮರ ತೆಗೆಯುವುದು, ಉಳಿದವಕ್ಕೆ ಸರಿಯಾದ ಗೊಬ್ಬರ ಕೊಡುವುದು, ನೀರು ಬಸಿದುಹೋಗುವಂತೆ ನೋಡಿಕೊಳ್ಳುವುದೇ ದಾರಿ. ಪೋಷಕಾಂಶದ ಕೊರತೆಯಿಂದಲೂ, ನೀರು ನಿಂತರೂ ಸೋಗೆ ಹಳದಿಯಾಗುತ್ತದೆ. ಆದ್ದರಿಂದ ಊಹೆ ಬಿಟ್ಟು ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರದಂಥ ಕಡೆ ತಜ್ಞರನ್ನು ಕೇಳುವುದು ಒಳ್ಳೆಯದು.

ಕೆಲಸ ಹುಡುಕಿಕೊಂಡು ನಾವು ಮಂಗಳೂರು, ಬೆಂಗಳೂರು ಸೇರುತ್ತೇವೆ. ತಪ್ಪೇನಿಲ್ಲ. ಆದರೆ ಆ ಫೀಸು ಕಟ್ಟಿದ್ದು ಇದೇ ಅಡಿಕೆ. ರಜೆಗೆ ಬಂದಾಗ ಒಂದು ಗಂಟೆ ತೋಟ ಸುತ್ತಿ, ಅನುಮಾನ ಬಂದ ಎಲೆಯ ಫೋಟೊ ತೆಗೆದು ತಜ್ಞರಿಗೆ ತೋರಿಸುವುದು ಕಷ್ಟದ ಕೆಲಸವಲ್ಲ. ಪರೀಕ್ಷೆಗೆಂದು ಓದಿದ ಜೀವಶಾಸ್ತ್ರ ಮನೆಗೆ ಉಪಯೋಗವಾಗದಿದ್ದರೆ ಆ ಅಂಕಗಳಿಂದ ಏನು ಬಂತು?

ಅಂದು ಅಪ್ಪ ಬಾಟಲಿಯನ್ನು ಶೆಡ್ಡಿನಲ್ಲೇ ಇಟ್ಟರು. ಈಗ ನಾನು ಫೋನ್ ಮಾಡಿದಾಗಲೆಲ್ಲ ಎಲೆಯಡಿ ಎಷ್ಟು ಹುಳು ಇತ್ತೆಂದು ಅವರೇ ಲೆಕ್ಕ ಒಪ್ಪಿಸುತ್ತಾರೆ.