ಪೆಟ್ರೋಲ್‌ನೊಳಗಿನ ಇನ್ನೊಂದು ಎಣ್ಣೆ

ಬಂಕಿನಲ್ಲಿ ಸಾದಾ ಪೆಟ್ರೋಲ್‌ನ ಪಕ್ಕದಲ್ಲೇ ಲೀಟರಿಗೆ ಕೆಲವು ರೂಪಾಯಿ ಹೆಚ್ಚಿನ ‘ಪ್ರೀಮಿಯಂ’ ಪೆಟ್ರೋಲ್ ಸಿಗುತ್ತದೆ. ಅದೂ ಸಾಲದು ಎನ್ನುವವರಿಗೆ ಟ್ಯಾಂಕಿಗೆ ಸುರಿಯುವ ಪುಟ್ಟ ಬಾಟಲಿಗಳಿವೆ. ಎಂಜಿನ್‌ನಲ್ಲಿ ಕಟ್ಟಿದ ಕಾರ್ಬನ್ ತೊಳೆದುಹಾಕುತ್ತೇವೆ ಎಂಬ ಭರವಸೆಯನ್ನು ಎರಡೂ ಕೊಡುತ್ತವೆ. ಭರವಸೆ ಸುಳ್ಳೇನಲ್ಲ, ಆದರೆ ಅರ್ಧ ಮಾತ್ರ. ತೊಳೆಯುವ ರಾಸಾಯನಿಕದ ಹೆಸರನ್ನು ದೊಡ್ಡದಾಗಿ ಅಚ್ಚು ಹಾಕುವವರು ಅದರ ಜೊತೆ ಬೆರೆಸಿರುವ ಎಣ್ಣೆಯ ವಿಚಾರದಲ್ಲಿ ಬಾಯಿ ಬಿಡುವುದಿಲ್ಲ. ಕ್ಯಾರಿಯರ್ ಫ್ಲೂಯಿಡ್ ಎಂದು ಕರೆಯುವ ಈ ವಾಹಕ ದ್ರವದ ಆಯ್ಕೆ ಕೆಟ್ಟರೆ ತೊಳೆಯಲು ಹೋದದ್ದೇ ಎಂಜಿನ್ನಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಪೆಟ್ರೋಲನ್ನು ಅಳೆಯಬೇಕಾದದ್ದು ಅದರಲ್ಲಿ ಯಾವ ಡಿಟರ್ಜೆಂಟ್ ಇದೆ ಎಂಬುದರಿಂದಲ್ಲ, ಇಡೀ ಮಿಶ್ರಣ ನಿಜವಾದ ಎಂಜಿನ್‌ನಲ್ಲಿ ಏನು ಮಾಡಿತು ಎಂಬುದರಿಂದ. ಆ ಅಳತೆ ಸಾದಾ ಪೆಟ್ರೋಲಿಗೂ ಅನ್ವಯವಾಗಬೇಕು, ಫಲಿತಾಂಶ ಗ್ರಾಹಕನ ಕಣ್ಣಿಗೂ ಬೀಳಬೇಕು.

ಗಾಳಿ ಮತ್ತು ಪೆಟ್ರೋಲ್ ಸಿಲಿಂಡರಿನೊಳಗೆ ಹೋಗುವ ದಾರಿಯಲ್ಲಿ ಇನ್‌ಟೇಕ್ ವಾಲ್ವ್ ಇರುತ್ತದೆ. ಓಡುವ ಎಂಜಿನ್‌ನಲ್ಲಿ ಅದರ ಬಿಸಿ 200 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಇಂಜೆಕ್ಟರ್ ಸಿಂಪಡಿಸಿದ ಪೆಟ್ರೋಲ್ ಅಲ್ಲಿ ಕ್ಷಣದಲ್ಲಿ ಆವಿಯಾಗುತ್ತದೆ. ಹಿಂದುಳಿದ ಅಂಟು ಮತ್ತು ಮಸಿ ಪದರ ಪದರವಾಗಿ ಕಿಟ್ಟ ಕಟ್ಟುತ್ತವೆ. ಇದನ್ನು ಬಿಡಿಸಲು ಬೆರೆಸುವ ಪಾಲಿಐಸೋಬ್ಯುಟಿಲೀನ್ ಅಮೀನ್‌ನಂಥ ಡಿಟರ್ಜೆಂಟ್‌ಗಳು ಉದ್ದ ಬಾಲದ, ಭಾರವಾದ ಅಣುಗಳು. ಪೆಟ್ರೋಲ್ ಆವಿಯಾದ ಮೇಲೆ ಅವಷ್ಟೇ ಉಳಿದರೆ ತಾವೇ ಜಿಗುಟಾಗುತ್ತವೆ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳುವುದೇಕೆ? ಮೇಣ ಹಿಡಿಯದಿರಲಿ ಎಂದು. ವಾಹಕ ದ್ರವದ ಕೆಲಸವೂ ಹೆಚ್ಚುಕಡಿಮೆ ಅದೇ. ಅದು ಸುಲಭಕ್ಕೆ ಆವಿಯಾಗದು, ಡಿಟರ್ಜೆಂಟನ್ನು ಬಿಸಿ ಲೋಹದ ಮೇಲೂ ದ್ರವವಾಗಿಯೇ ಇಟ್ಟು, ಸಡಿಲಾದ ಕಿಟ್ಟದ ಸಮೇತ ಸಿಲಿಂಡರಿಗೆ ಇಳಿಸಿ, ಅಲ್ಲಿ ತಾನೂ ಉರಿದುಹೋಗಬೇಕು.

ಈ ಉರಿದುಹೋಗುವ ವಿಷಯದಲ್ಲೇ ತಕರಾರು ಶುರುವಾಗುವುದು. ವಾಹಕವಾಗಿ ಅಗ್ಗದ ಖನಿಜ ತೈಲ ಬಳಸಬಹುದು, ದುಬಾರಿಯಾದ ಪಾಲಿಈಥರ್‌ನಂಥ ಕೃತಕ ದ್ರವವನ್ನೂ ಬಳಸಬಹುದು. ಭಾರದ ಖನಿಜ ತೈಲ ಪೂರ್ತಿ ಉರಿಯದಿದ್ದರೆ ವಾಲ್ವಿನಿಂದ ತೆಗೆದ ಕೊಳೆಯ ಬದಲು ಪಿಸ್ಟನ್ ತಲೆಯ ಮೇಲೆ ಹೊಸ ಕೊಳೆ ಕೂರುತ್ತದೆ. ದಹನಕೋಣೆಯಲ್ಲಿ ಕಿಟ್ಟ ಹೆಚ್ಚಿದಂತೆ ಎಂಜಿನ್ ಬಡಿಯದೆ ಓಡಲು ಬೇಕಾದ ಆಕ್ಟೇನ್ ಕೂಡ ಏರುತ್ತದೆ. ಇನ್ನು ವಾಹಕವೇ ಸಾಲದಾದರೆ ಚಳಿಯಲ್ಲಿ ಡಿಟರ್ಜೆಂಟ್ ವಾಲ್ವಿನ ಕಾಂಡಕ್ಕೆ ಗೋಂದಿನಂತೆ ಹಿಡಿದು, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ನೇ ಸಿಗದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇದು ಕಾಗದದ ಮೇಲಿನ ಭಯವಲ್ಲ. ಇದನ್ನು ಹಿಡಿಯಲೆಂದೇ ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ನಿನ ‘ವಾಸರ್‌ಬಾಕ್ಸರ್’ ಎಂಜಿನ್ ಬಳಸುವ ಪರೀಕ್ಷೆ ಬಂತು: ಗಾಡಿ ಓಡಿಸಿ, ತಣ್ಣಗಿನ ಕೋಣೆಯಲ್ಲಿ ನಿಲ್ಲಿಸಿಟ್ಟು, ಆಮೇಲೆ ಸಿಲಿಂಡರುಗಳ ಕಂಪ್ರೆಷನ್ ಅಳೆಯುವುದು.

ಅಮೆರಿಕದ ಅನುಭವ ಇಲ್ಲಿ ಒಳ್ಳೆಯ ಪಾಠ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1995ರಿಂದ ದೇಶದ ಎಲ್ಲ ಪೆಟ್ರೋಲಿಗೂ ಡಿಟರ್ಜೆಂಟ್ ಕಡ್ಡಾಯ ಮಾಡಿತು. ಬಿಎಂಡಬ್ಲ್ಯು ಕಾರನ್ನು 10,000 ಮೈಲಿ ಓಡಿಸಿದ ಮೇಲೆ ಒಂದೊಂದು ವಾಲ್ವಿನ ಮೇಲೆ ಸರಾಸರಿ 100 ಮಿಲಿಗ್ರಾಂಗಿಂತ ಹೆಚ್ಚು ಕಿಟ್ಟ ಇರಬಾರದು ಎಂಬುದು ಅಳತೆಗೋಲು. ನಿಯಮವೇನೋ ಒಳ್ಳೆಯದೇ. ಆದರೆ ಎಷ್ಟು ಹಾಕಿದರೆ ಪಾಸಾಗುತ್ತದೋ ಅಷ್ಟೇ ಹಾಕುವ ವ್ಯಾಪಾರಿ ಬುದ್ಧಿಗೆ ಅದು ದಾರಿ ಮಾಡಿಕೊಟ್ಟಿತು, ಕನಿಷ್ಠವೇ ಗರಿಷ್ಠವಾಯಿತು. ಇದರಿಂದ ಬೇಸತ್ತ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ ಮತ್ತು ಟೊಯೋಟಾ 2004ರಲ್ಲಿ ‘ಟಾಪ್ ಟಿಯರ್’ ಎಂಬ ಬೇರೆ ಮಾನದಂಡ ತಂದವು. ಅದರಲ್ಲಿ ವಾಲ್ವ್ ಮತ್ತು ಇಂಜೆಕ್ಟರ್ ಸ್ವಚ್ಛತೆಯ ಜೊತೆಗೆ ದಹನಕೋಣೆಯ ಕಿಟ್ಟವನ್ನೂ ಅಳೆಯುತ್ತಾರೆ, ವಾಲ್ವ್ ಅಂಟುತ್ತದೆಯೇ ಎಂದೂ ನೋಡುತ್ತಾರೆ. ಈ ಕೊನೆಯ ಎರಡು ಪರೀಕ್ಷೆಗಳೇ ವಾಹಕ ದ್ರವದ ಬಂಡವಾಳ ಬಯಲು ಮಾಡುವಂಥವು. ಅಲ್ಲಿನ ವಾಹನ ಬಳಕೆದಾರರ ಸಂಘ ಎಎಎ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 4,000 ಮೈಲಿಗೆ ಸಮನಾದ ಓಟದ ಬಳಿಕ, ಈ ಮಾನದಂಡಕ್ಕೆ ಸೇರದ ಪೆಟ್ರೋಲುಗಳು ಸರಾಸರಿ 19 ಪಟ್ಟು ಹೆಚ್ಚು ಕಿಟ್ಟ ಉಳಿಸಿದ್ದವು. ಬೆಲೆಯ ವ್ಯತ್ಯಾಸ ಗ್ಯಾಲನ್‌ಗೆ ಸರಾಸರಿ 3 ಸೆಂಟ್, ಅಂದರೆ ಲೀಟರಿಗೆ ಒಂದು ಸೆಂಟ್ ಕೂಡ ಇಲ್ಲ. ಶುದ್ಧತೆ ದುಬಾರಿ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಹೇಳಬೇಕು.

ಬೇಕಾದವರು ಪ್ರೀಮಿಯಂ ಹಾಕಿಸಿಕೊಳ್ಳಲಿ, ಎಲ್ಲರ ಮೇಲೇಕೆ ಹೇರಬೇಕು ಎಂಬ ವಾದವಿದೆ. ನಮ್ಮಲ್ಲಿ ಪೆಟ್ರೋಲ್ ಕುಡಿಯುವವರು ಯಾರೆಂದು ಮೊದಲು ನೋಡೋಣ. ಕೇಂದ್ರದ ಪೆಟ್ರೋಲಿಯಂ ಯೋಜನಾ ಕೋಶಕ್ಕಾಗಿ ನೀಲ್ಸನ್ ನಡೆಸಿ 2014ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಚಿಲ್ಲರೆ ಪೆಟ್ರೋಲ್‌ನಲ್ಲಿ ಸುಮಾರು ಶೇ 61 ದ್ವಿಚಕ್ರ ವಾಹನಗಳ ಪಾಲಾಗಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್–6 ಜಾರಿಗೆ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಲ್ಲಿ ಬಹುಪಾಲು ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಟರಿಗೆ ಬದಲಾದವು. ಕಾರ್ಬ್ಯುರೇಟರ್ ಕಟ್ಟಿಕೊಂಡರೆ ಬೀದಿ ಬದಿಯ ಮೆಕ್ಯಾನಿಕ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಕೊಡುತ್ತಿದ್ದ. ಇಂಜೆಕ್ಟರಿನ ಕೂದಲೆಳೆಯಂಥ ರಂಧ್ರಗಳು ಆ ಕೈಚಳಕಕ್ಕೆ ಬಗ್ಗುವುದಿಲ್ಲ. ಸಿಂಪರಣೆ ಕೆಟ್ಟರೆ ಮೈಲೇಜ್ ಬೀಳುತ್ತದೆ, ಹೊಗೆಯ ಗುಣವೂ ಕೆಡುತ್ತದೆ. ಮೈಲೇಜಿನ ನಷ್ಟ ಸವಾರನದು, ಹೊಗೆ ಊರಿಗೆಲ್ಲ ಸೇರಿದ್ದು. ನೂರು ರೂಪಾಯಿ ಪೆಟ್ರೋಲ್ ಹಾಕಿಸುವ ಡೆಲಿವರಿ ಹುಡುಗನಿಗೆ ಪ್ರೀಮಿಯಂ ಆಯ್ದುಕೋ ಎನ್ನುವುದು ಪರಿಹಾರವಾಗದು.

ಆವಿಯಾಗದ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸುವುದೇ ಕಲಬೆರಕೆಯಲ್ಲವೇ ಎಂಬ ಅನುಮಾನವೂ ನ್ಯಾಯವಾದದ್ದೇ. ಫಿಲ್ಟರ್ ಪೇಪರಿನ ಮೇಲೆ ಒಂದು ಹನಿ ಬಿಟ್ಟು, ಕಲೆ ಉಳಿದರೆ ಕಲಬೆರಕೆ ಎಂದು ನೋಡುವುದನ್ನು ತೈಲ ಕಂಪನಿಗಳೇ ನಮಗೆ ಕಲಿಸಿವೆ. ಆದರೆ ಡಿಟರ್ಜೆಂಟ್ ಮತ್ತು ವಾಹಕದ ಪ್ರಮಾಣ ಹತ್ತು ಲಕ್ಷ ಭಾಗದಲ್ಲಿ ಕೆಲವು ನೂರು ಮಾತ್ರ. ಪ್ರಯೋಗಾಲಯದಲ್ಲಿ 50 ಮಿಲಿಲೀಟರ್ ಪೆಟ್ರೋಲನ್ನು ಬಿಸಿಗಾಳಿಯಲ್ಲಿ ಆವಿಯಾಗಿಸಿ ಉಳಿದದ್ದನ್ನು ತೂಗುತ್ತಾರೆ, ಬಳಿಕ ಹೆಪ್ಟೇನ್‌ನಲ್ಲಿ ತೊಳೆದು ಮತ್ತೆ ತೂಗುತ್ತಾರೆ. ವಾಹಕ ದ್ರವ ಹೆಪ್ಟೇನ್‌ನಲ್ಲಿ ಕರಗಿಹೋಗುತ್ತದೆ, ನಿಜವಾದ ಅಂಟು ಬೀಕರಿನಲ್ಲೇ ಉಳಿಯುತ್ತದೆ. ಆದರೆ ಅಳತೆ ಮೀರಿದರೆ ಈ ದ್ರವ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೂ ಸೇರುತ್ತದೆ. ಪ್ರೀಮಿಯಂ ಪೆಟ್ರೋಲ್ ಹಾಕಿಸಿ ಅದರ ಮೇಲೆ ಬಾಟಲಿಯನ್ನೂ ಸುರಿಯುವವರು ಇದನ್ನು ಗಮನಿಸಿದರೆ ಒಳ್ಳೆಯದು.

ಸಿಲಿಂಡರಿಗೇ ನೇರವಾಗಿ ಪೆಟ್ರೋಲ್ ಚಿಮ್ಮುವ ಟರ್ಬೊ ಕಾರುಗಳಲ್ಲಿ ಇಂಧನ ವಾಲ್ವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಅಲ್ಲಿ ಯಾವ ಡಿಟರ್ಜೆಂಟೂ ವಾಲ್ವ್ ತೊಳೆಯಲಾರದು, ಇಂಜೆಕ್ಟರಿಗಷ್ಟೇ ಪ್ರಯೋಜನ. ಇದನ್ನು ಒಪ್ಪಲೇಬೇಕು. ಆದರೆ ನಮ್ಮ ರಸ್ತೆಗಳಲ್ಲಿ ಅಂಥ ಕಾರುಗಳಿಗಿಂತ ನೂರು–ನೂರಹತ್ತು ಸಿಸಿಯ, ಗಾಳಿಯಿಂದ ತಣಿಯುವ, ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ನಿಂತು ಓಡುವ ಎಂಜಿನ್‌ಗಳೇ ಹೆಚ್ಚು. ಹಳೆಯ ಜರ್ಮನ್ ಕಾರಿನಲ್ಲಿ ಪಾಸಾದ ಮಿಶ್ರಣ ಇವುಗಳಲ್ಲೂ ಪಾಸಾಗುತ್ತದೆ ಎಂದು ಊಹಿಸಿ ಕೂರಲಾಗದು. ಇಂದು ಬಂಕಿನಲ್ಲಿ ಸಾಂದ್ರತೆ ಬರೆದು ಹಾಕುವಂತೆ, ಇಂಥದ್ದೊಂದು ಎಂಜಿನ್‌ನಲ್ಲಿ ವಾಲ್ವ್, ಇಂಜೆಕ್ಟರ್ ಮತ್ತು ಪಿಸ್ಟನ್ ಮೇಲೆ ಆ ಪೆಟ್ರೋಲ್ ಎಷ್ಟು ಮಿಲಿಗ್ರಾಂ ಕಿಟ್ಟ ಉಳಿಸಿತು ಎಂಬುದನ್ನೂ ತೈಲ ಕಂಪನಿಗಳು ಬರೆದು ಹಾಕಲಿ, ಸಾದಾ ಪೆಟ್ರೋಲಿನದ್ದು ಮೊದಲು, ಪ್ರೀಮಿಯಂನದ್ದು ಆಮೇಲೆ.