ಉಪದೇಶವೇ ಸಮಾಲೋಚನೆಯಲ್ಲ

ಕೌನ್ಸೆಲಿಂಗ್ ಎಂಬುದಕ್ಕೆ ಕನ್ನಡದಲ್ಲಿ ‘ಆಪ್ತಸಲಹೆ’ ಎಂಬ ಪದ ರೂಢಿಗೆ ಬಂದಿದೆ. ಪದವೇನೋ ಸೊಗಸಾಗಿದೆ. ಆದರೆ ಈ ವಿದ್ಯೆಗೆ ಹೊಸ ತಿರುವನ್ನು ಕೊಟ್ಟ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸನು (೧೯೦೨–೧೯೮೭) ಇದನ್ನು ಕೇಳಿದ್ದರೆ ‘ಆಪ್ತ’ವನ್ನು ಉಳಿಸಿಕೊಂಡು ‘ಸಲಹೆ’ಯನ್ನು ಹೊಡೆದುಹಾಕುತ್ತಿದ್ದನೋ ಏನೋ! ಸಂಕಟಪಟ್ಟು ಬಂದವನಿಗೆ ಬುದ್ಧಿ ಹೇಳುವುದು ಚಿಕಿತ್ಸೆಯಲ್ಲ. ಅವನ ಮಾತನ್ನು ತೀರ್ಪು ಕೊಡದೆ ಆಲಿಸಿದರೆ ದಾರಿಯನ್ನು ಅವನೇ ಕಂಡುಕೊಳ್ಳುತ್ತಾನೆ ಎಂಬುದು ಆತನ ಮತ. ಮನಶ್ಶಾಸ್ತ್ರದ ಮಾನವತಾವಾದಿ ಪಂಥಕ್ಕೆ ಇದೇ ಒಂದು ಮುಖ್ಯ ಆಧಾರ.

ಇದು ಸಂತರ ಮಾತಿನಂತಿದೆ, ವಿಜ್ಞಾನವಲ್ಲ ಎಂದು ನನ್ನ ವೃತ್ತಿಬಾಂಧವರಲ್ಲಿ ಅನೇಕರು ಮೂಗು ಮುರಿಯುತ್ತಾರೆ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತಿದ್ದ ಚಿಕಿತ್ಸೆಯೊಳಕ್ಕೆ ಯಂತ್ರವನ್ನು ತಂದಿರಿಸಿದವರಲ್ಲಿ ರೋಜರ್ಸನೇ ಮುಂದಾಳು. ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಆತನೂ ಆತನ ಶಿಷ್ಯರೂ ಸಂಭಾಷಣೆಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿದರು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷಗಳ ಮಾತು ಮಾತ್ರ! ೧೯೪೨ರಲ್ಲಿ ಹೊರಬಂದ ಆತನ ಗ್ರಂಥದಲ್ಲಿ ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಮಾತುಕತೆ ಅಕ್ಷರಶಃ ಅಚ್ಚಾಯಿತು. ಅಲ್ಲಿಯವರೆಗೆ ಚಿಕಿತ್ಸಕನು ನೆನಪಿನಿಂದ ಬರೆದುಕೊಂಡದ್ದೇ ಪ್ರಮಾಣವಾಗಿತ್ತು.

ತಟ್ಟೆಗಳು ಹೇಳಿದ ಒಂದು ಸಂಗತಿ ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ಯಾರು ಎಷ್ಟು ಪದಗಳನ್ನಾಡಿದರೆಂದು ಎಣಿಸಿದಾಗ, ನಿರ್ದೇಶನ ಮಾಡುವ ಪದ್ಧತಿಯ ಸಲಹೆಗಾರರು ನೆರವು ಬೇಡಿ ಬಂದವರ ಸುಮಾರು ಮೂರರಷ್ಟು ಮಾತನಾಡಿದ್ದರು. ರೋಜರ್ಸನ ಪದ್ಧತಿಯವರು ಆಡಿದ್ದು ಬಂದವರ ಅರ್ಧಕ್ಕಿಂತಲೂ ಕಡಮೆ. ಎಣಿಕೆ ಸರಳ, ಆದರೆ ಎಷ್ಟು ನಿಷ್ಠುರ!

ಮುಂದೆ ಷಿಕಾಗೋದಲ್ಲಿ ಇನ್ನೂ ಸೂಕ್ಷ್ಮವಾದ ಅಳತೆ ನಡೆಯಿತು. ಅದಕ್ಕೆ ಬಳಸಿದ ವಿಧಾನವನ್ನು ರೂಪಿಸಿದ ವಿಲಿಯಂ ಸ್ಟೀಫನ್‌ಸನ್ ಮೊದಲು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು (ನನ್ನ ಮಿತ್ರರು ಇದನ್ನು ಗಮನಿಸಬೇಕು). ನೂರು ಚೀಟಿಗಳಲ್ಲಿ ನೂರು ಹೇಳಿಕೆಗಳು. ಅವನ್ನು ‘ನಾನು ಇರುವಂತೆ’ ಒಮ್ಮೆ, ‘ನಾನು ಇರಬೇಕೆಂದು ಬಯಸುವಂತೆ’ ಇನ್ನೊಮ್ಮೆ ವಿಂಗಡಿಸಬೇಕು. ಎರಡೂ ಪೂರ್ಣವಾಗಿ ಹೊಂದಿದರೆ ಸಹಸಂಬಂಧ ೧. ಸಂಬಂಧವೇ ಇಲ್ಲದಿದ್ದರೆ ೦. ೧೯೫೪ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಚಿಕಿತ್ಸೆಗೆ ಮುನ್ನ ಸರಾಸರಿ ಬೆಲೆ –೦.೦೧, ಮುಗಿದ ಬಳಿಕ ೦.೩೪. ಚಿಕಿತ್ಸೆ ಬೇಡದ ಸಾಮಾನ್ಯರಲ್ಲಿ ಅದು ೦.೫೮ರ ಆಸುಪಾಸಿನಲ್ಲೇ ನಿಂತಿತ್ತು. ತನ್ನ ಬಗ್ಗೆ ತಾನೇ ಕೊಟ್ಟ ಸಾಕ್ಷ್ಯವನ್ನು ಎಷ್ಟು ನಂಬಬಹುದು ಎಂಬ ಆಕ್ಷೇಪ ಉಳಿಯುತ್ತದೆ, ನಿಜ. ಆದರೂ ಆಕ್ಷೇಪಿಸಲು ಒಂದು ಅಂಕಿಯಾದರೂ ಸಿಕ್ಕಿತು.

ರೋಜರ್ಸನ ಮಾತೆಲ್ಲವೂ ನಿಲ್ಲಲಿಲ್ಲ. ಚಿಕಿತ್ಸಕನ ನಿಷ್ಕಪಟತೆ, ಷರತ್ತಿಲ್ಲದ ಆದರ, ಮತ್ತೊಬ್ಬನ ಲೋಕವನ್ನು ಅವನ ಕಣ್ಣಿನಿಂದಲೇ ಕಾಣುವ ಅನುಭೂತಿ, ಇವು ಮುಖ್ಯವೆಂದು ಹೇಳಿ ನಿಲ್ಲಿಸದೆ, ಇಂಥ ಕೆಲವೇ ನಿಬಂಧನೆಗಳು ಮಾರ್ಪಾಡಿಗೆ ಅವಶ್ಯವೂ ಹೌದು, ಸಾಕಾದುವೂ ಹೌದು ಎಂದು ಆತ ೧೯೫೭ರಲ್ಲಿ ಗಣಿತದವರ ಧಾಟಿಯಲ್ಲಿ ಘೋಷಿಸಿದನು. ಆತನೇ ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೀನಿಯ ರೋಗಿಗಳ ಮೇಲೆ ನಡೆಸಿದ ಪರೀಕ್ಷೆ ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ. ೧೯೬೬ರಲ್ಲಿ ಚಾರ್ಲ್ಸ್ ಟ್ರುವಾಕ್ಸನು ಆತನ ಧ್ವನಿಮುದ್ರಣಗಳನ್ನೇ ಪರಿಶೀಲಿಸಿ, ರೋಜರ್ಸನು ತನಗರಿವಿಲ್ಲದೆ ಕೆಲವು ಬಗೆಯ ಮಾತುಗಳಿಗೆ ಹೆಚ್ಚು ಒಪ್ಪಿಗೆ ಸೂಚಿಸಿ ಅವನ್ನು ಬೆಳೆಸುತ್ತಿದ್ದನೆಂದು ತೋರಿಸಿದನು. ಗುರುವಿನ ತಪ್ಪನ್ನು ಗುರುವಿನ ಯಂತ್ರವೇ ಹಿಡಿದುಕೊಟ್ಟಿತು! ವಿಜ್ಞಾನವೆಂಬುದಕ್ಕೆ ಬೇರೆ ಲಕ್ಷಣವೇನು ಬೇಕು?

ನಮ್ಮ ಕಾಲೇಜುಗಳಲ್ಲಿ ಈಗ ಅಧ್ಯಾಪಕರಿಗೆ ಪಾಠದ ಜೊತೆಗೆ ವಿದ್ಯಾರ್ಥಿಗಳ ಮಾರ್ಗದರ್ಶನದ ಹೊಣೆಯೂ ಬಂದಿದೆ. ಪರೀಕ್ಷೆಯಲ್ಲಿ ಸೋತ ಹುಡುಗ ಬಾಯಿ ತೆರೆಯುವ ಮೊದಲೇ ಪರಿಶ್ರಮದ ಮಹಿಮೆಯನ್ನು ಕುರಿತ ಭಾಷಣ ಆರಂಭವಾಗುತ್ತದೆ. ದಫ್ತರದಲ್ಲಿ ‘ಸಮಾಲೋಚನೆ ಮಾಡಲಾಯಿತು’ ಎಂದು ದಾಖಲಾಗುತ್ತದೆ. ಆ ಹುಡುಗ ಪ್ರಾಣದ ಮೇಲಿನ ಆಸೆಯನ್ನೇ ಬಿಟ್ಟು ಬಂದಿದ್ದರೆ? ಅದು ತಿಳಿಯುವುದಾದರೂ ಹೇಗೆ? ತಿಳಿದಾಗ ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಲೂಬಹುದು. ಆದರೆ ತಿಳಿಯಬೇಕಾದರೆ ಮೊದಲು ನಾವು ಸುಮ್ಮನಿರಬೇಕು. ಪ್ರಯೋಗಶಾಲೆಯಲ್ಲಿ ವಿರಾಮಗಡಿಯಾರಗಳಿಗೇನೂ ಕೊರತೆಯಿಲ್ಲ. ಮುಂದಿನ ಸಲ ವಿದ್ಯಾರ್ಥಿ ಬಂದಾಗ, ಅವನ ಒಪ್ಪಿಗೆ ಪಡೆದು, ಹತ್ತು ನಿಮಿಷಗಳಲ್ಲಿ ಅವನ ಪಾಲಿಗೆ ಬಂದದ್ದು ಎಷ್ಟು ಎಂದು ಅಧ್ಯಾಪಕ ಮಿತ್ರರು ಅಳೆದು ನೋಡಲಿ.