ಕಾಣುವುದು ಇಬ್ಬರಿಗೂ, ಒಡೆತನ ಅವರವರಿಗೆ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹರಾಜಾದ ಲಾಟಿನ ಹಣ ಈಗ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಯಾರ ಖಾತೆಗೆ? ಸೊಪ್ಪು ಕುಯ್ದು, ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಮೇವು ಹಾಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೆ ಮನೆಯ ಹೆಂಗಸಿನ ದುಡಿಮೆ ದೊಡ್ಡದು. ಖಾತೆ ಮಾತ್ರ ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿರುತ್ತದೆ. ಬಿಡದಿಯ ಕಾರ್ಖಾನೆಗಳನ್ನು ನಂಬಿದ ಮನೆಗಳ ಸ್ಥಿತಿ ಬೇರೆ: ಇಬ್ಬರಿಗೂ ಸಂಬಳ, ಇಬ್ಬರ ಮೊಬೈಲಿನಲ್ಲೂ ಎಸ್‌ಐಪಿ, ಷೇರು, ಠೇವಣಿ. ಆದರೆ ಒಬ್ಬರ ಹೂಡಿಕೆ ಇನ್ನೊಬ್ಬರಿಗೆ ತಿಳಿಯದು.

ಗಂಡ ಹೆಂಡತಿ ತಮ್ಮ ಆನ್‌ಲೈನ್ ಹೂಡಿಕೆ ಖಾತೆಗಳನ್ನು ಜೋಡಿಸಿಕೊಳ್ಳಬೇಕೆ? ಜೋಡಿಸಿಕೊಳ್ಳಬೇಕು, ಆದರೆ ನೋಡುವ ಮಟ್ಟಿಗೆ ಮಾತ್ರ ಎಂಬುದು ನನ್ನ ಖಚಿತ ನಿಲುವು.

ಜೋಡಿಸುವುದು ಏಕೆಂದರೆ, ಹಿಂದೆ ಮನೆಯ ಯಜಮಾನ ತೀರಿಕೊಂಡರೆ ಟ್ರಂಕಿನಲ್ಲಿ ಪಾಸ್‌ಬುಕ್ಕು, ವಿಮೆ ಬಾಂಡು, ಚೀಟಿಯ ರಸೀದಿ ಸಿಗುತ್ತಿದ್ದವು. ಇವತ್ತಿನ ಹೂಡಿಕೆಗೆ ಕಾಗದವಿಲ್ಲ. ಬೀಗ ಹಾಕಿದ ಮೊಬೈಲಿನೊಳಗೆ ಅದು ಉಳಿದುಹೋಗುತ್ತದೆ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರುತ್ತದೆ. ಅಂಥ ಹಣವನ್ನು ಹುಡುಕಿಕೊಳ್ಳಲೆಂದೇ 2023ರಲ್ಲಿ ‘ಉದ್ಗಮ್’ ಪೋರ್ಟಲ್ ತೆರೆಯಬೇಕಾಯಿತು. ಮನೆಯವರಿಗೇ ಗೊತ್ತಿಲ್ಲದ ಉಳಿತಾಯ ಮನೆಗೆ ಒದಗುವುದಿಲ್ಲ. ಮಗಳ ಓದಿಗೆ, ಕೊಳವೆಬಾವಿಗೆ, ಸಾಲ ತೀರಿಸುವುದಕ್ಕೆ ಎಷ್ಟಿದೆ ಎಂಬ ಲೆಕ್ಕ ಎರಡೂ ಖಾತೆ ಒಟ್ಟಿಗೆ ಕಂಡಾಗಲೇ ಸಿಗುವುದು.

ಹಾಗಾದರೆ ಪೂರ್ತಿ ಒಂದೇ ಮಾಡಿಬಿಡಬಾರದೇಕೆ, ಗಂಡ ಹೆಂಡತಿ ನಡುವೆ ಎಂಥ ಮುಚ್ಚುಮರೆ ಎಂದು ಹಲವರು ಕೇಳುತ್ತಾರೆ. ಈ ಮಾತು ಕೇಳಲು ಚೆನ್ನ. ಆದರೆ ‘ಒಂದೇ’ ಎಂದಾಗ ಅಧಿಕಾರ ಯಾರ ಕೈಗೆ ಹೋಗುತ್ತದೆಂಬುದು ನಮ್ಮ ಹೆಂಗಸರಿಗೆ ಗೊತ್ತು. ಸಾಸಿವೆ ಡಬ್ಬಿಯಲ್ಲಿ ಅವರು ನೋಟು ಕೂಡಿಟ್ಟದ್ದು ಮೋಸಕ್ಕಲ್ಲ, ಆಪತ್ತಿಗೆ. 2016ರ ನವೆಂಬರಿನ ನೋಟು ರದ್ದತಿ ಆ ಹಣವನ್ನೆಲ್ಲ ಗಂಡಂದಿರ ಎದುರು ತಂದು ಸುರಿಯಿತು. ತನ್ನದೆಂಬ ಒಂದಿಷ್ಟು ಹಣ ಹೆಣ್ಣಿಗೆ ಅಹಂಕಾರವಲ್ಲ, ಆಸರೆ. ಮೈಸೂರು ಸಂಸ್ಥಾನ ಇದನ್ನು ಬೇಗ ಅರಿತಿತ್ತು: ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಕಾಯ್ದೆ ಬರುವ ಮೊದಲೇ, 1933ರಲ್ಲಿ, ಅಂಥದೊಂದು ಕಾಯ್ದೆ ಇಲ್ಲಿ ಜಾರಿಗೆ ಬಂತು. ಸ್ತ್ರೀಧನ ಗಂಡನ ಮನೆ ಸೇರಿದ ಮಾತ್ರಕ್ಕೆ ಜಂಟಿ ಆಸ್ತಿಯಾಗದೆಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಕೊಟ್ಟ ಈ ಪ್ರತ್ಯೇಕತೆಯನ್ನು ಒಂದು ಪಾಸ್‌ವರ್ಡಿನ ಮೂಲಕ ಕಳೆದುಕೊಳ್ಳುವುದು ಸರಿಯಲ್ಲ.

ಆದ್ದರಿಂದ ನೋಡುವುದು, ನಡೆಸುವುದು, ಒಡೆತನ ಇವು ಮೂರನ್ನೂ ಬೇರೆಬೇರೆಯಾಗಿ ಇಡಬೇಕು. ನೋಡುವುದಕ್ಕೆ ದಾರಿಯಿದೆ: ಬೆಂಗಳೂರಿನ ಜೆರೋಧಾದಂಥ ಬ್ರೋಕರ್ ಸಂಸ್ಥೆಗಳಲ್ಲಿ ಕುಟುಂಬದವರ ಖಾತೆಗಳನ್ನು ಅವರವರ ಒಪ್ಪಿಗೆಯಿಂದ ಜೋಡಿಸಿ ಒಟ್ಟು ಹೂಡಿಕೆ ನೋಡಬಹುದು. ನಡೆಸುವುದೂ ಇಬ್ಬರದಾಗಬೇಕೆಂದರೆ ಮ್ಯೂಚುವಲ್ ಫಂಡಿನಲ್ಲಿ ಜಂಟಿ ಫೋಲಿಯೋ ತೆರೆದು, ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು’ ಎಂಬ ಕ್ರಮ ಆರಿಸಿಕೊಳ್ಳಬಹುದು. ಒಟಿಪಿ ಹೇಳಿ, ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಷೇರು ಕೊಂಡು ಮಾರುವುದು ಮಾತ್ರ ಕೂಡದು. ನಷ್ಟವಾದರೂ ತೆರಿಗೆ ನೋಟಿಸು ಬಂದರೂ ಉತ್ತರ ಕೊಡಬೇಕಾದವರು ಖಾತೆದಾರರೇ. ಗಂಡ ಕೊಟ್ಟ ಹಣವನ್ನು ಹೆಂಡತಿ ಹೂಡಿದರೆ ಅದರಿಂದ ಬರುವ ಆದಾಯ ಗಂಡನ ಆದಾಯಕ್ಕೇ ಸೇರುತ್ತದೆ ಎಂಬುದೂ ಇಬ್ಬರಿಗೂ ತಿಳಿದಿರಬೇಕು.

ನಾಮಿನಿ ಬರೆಸಿದರೆ ಎಲ್ಲ ಮುಗಿಯಿತೆಂಬ ನಂಬಿಕೆ ತಪ್ಪು. ಷೇರಿನ ನಾಮಿನಿ ಅಷ್ಟರಿಂದಲೇ ಮಾಲೀಕನಾಗುವುದಿಲ್ಲ, ವಾರಸುದಾರರ ಹಕ್ಕು ಉಳಿದೇ ಇರುತ್ತದೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ನಾಮಿನಿಯ ಜೊತೆಗೆ ಉಯಿಲೂ ಬೇಕು.

ಎಲ್ಲಕ್ಕಿಂತ ಮೊದಲಿನ ಮಾತೊಂದಿದೆ. ಜೋಡಿಸಲು ಎರಡು ಖಾತೆ ಇರಬೇಕು. ಮಾಗಡಿ, ಚನ್ನಪಟ್ಟಣದ ಕಡೆ ಮಹಿಳಾ ಹಾಲು ಸಂಘಕ್ಕೆ ಹಾಲು ಹಾಕುವ ಹೆಂಗಸಿಗೆ, ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡೆಯುವವಳಿಗೆ ಖಾತೆಯೇನೋ ಇದೆ; ಆ ಹಣದಲ್ಲಿ ಎಷ್ಟು ಉಳಿಸಬೇಕು, ಎಲ್ಲಿ ಹೂಡಬೇಕೆಂಬ ತೀರ್ಮಾನವೂ ಅವಳದೇ ಆಗಲಿ. ಆಮೇಲೆ ಅವಳ ಲೆಕ್ಕ ಅವನಿಗೂ, ಅವನ ಲೆಕ್ಕ ಅವಳಿಗೂ ಕಾಣಲಿ. ಒಬ್ಬರದು ಮಾತ್ರ ಕಾಣುವುದಾದರೆ ಅದು ಕಾವಲು. ಇಬ್ಬರದೂ ಕಾಣುವುದಾದರೆ ಮಾತ್ರ ಅದನ್ನು ಸಂಸಾರದ ಲೆಕ್ಕ ಎನ್ನಬಹುದು.